ಬಲಗಡೆಯ ನಂಬರು

ಸೆಪ್ಟೆಂಬರ್ 2, ಸಂಜೆ 5.10

ಇವತ್ತು ದೊಡ್ಡಪ್ಪನ ಪುಟ್ಟ ಪ್ಲಾಸ್ಟಿಕ್ ವಿಮಾನಕ್ಕೆ ಏಳು ಡೆಕಾಲ್ ಅಂಟಿಸಿದೆ. ಒಟ್ಟು ಅರವತ್ತನಾಲ್ಕರಲ್ಲಿ ಇಪ್ಪತ್ತೆರಡು ಮುಗಿದವು. ಎಲ್ಲ ಇರುವೆ ಸೈಜಿನವು — ರೆಕ್ಕೆಯ ಮೇಲೆ ‘ಇಲ್ಲಿ ಕಾಲಿಡಬೇಡಿ’, ಇಂಧನ ಮುಚ್ಚಳದ ಸುತ್ತ ಕೆಂಪು ಉಂಗುರ, ಯಾವುದಕ್ಕೋ ಒಂದು ಬಾಣ. ಬಾಣ ಚಿಮಟದಿಂದ ಜಾರಿ ಎಲ್ಲಿ ಹೋಯಿತೋ... ಹತ್ತು ನಿಮಿಷ ಮೇಜಿನ ಕೆಳಗೆಲ್ಲ ಹುಡುಕಿದೆ. ನನ್ನ ಮೊಣಕೈ ಮೇಲೆ ಅಂಟಿಕೊಂಡಿತ್ತು.

ಕ್ರಮ ಈಗ ಬಾಯಿಪಾಠ. ಡೆಕಾಲ್ ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಗುರುತು; ಅವುಗಳ ಹಾಳೆ ಹನ್ನೆರಡು ವರ್ಷ ಹಳೆಯದು. ಹಾಗೇ ನೀರಿಗೆ ಹಾಕಿದರೆ ಪೊರೆ ಪುಡಿಪುಡಿ. ಆದ್ದರಿಂದ ನಾಳೆ ಅಂಟಿಸಬೇಕಾದವುಗಳ ಮೇಲೆ ಇವತ್ತೇ ವಾರ್ನಿಷ್, ಒಂದು ದಿನ ಒಣಗಬೇಕು. ಇಡೀ ಹಾಳೆಗೆ ಒಂದೇ ಸಲ ಬಳಿದರೆ ಕಾಗದ ಸುರುಳಿಯಾಗುತ್ತದಂತೆ. ಆಮೇಲೆ ಬ್ಲೇಡು, ಉಗುರುಬೆಚ್ಚಗಿನ ನೀರು, ಇಪ್ಪತ್ತು ಎಣಿಕೆ, ಟಿಶ್ಯೂ. ಹಿಂದಿನ ಕಾಗದ ಬಿಟ್ಟುಕೊಂಡ ಮೇಲೆ ಬ್ರಷ್ಷಿನಿಂದ ವಿಮಾನದ ಮೇಲೆ ಜಾರಿಸಬೇಕು. ಕೊನೆಗೆ ಮೆದು ಮಾಡುವ ದ್ರಾವಣ ಒಂದೇ ಹನಿ. ಆ ಹನಿ ಬಿದ್ದ ತಕ್ಷಣ ಡೆಕಾಲ್ ಸುಟ್ಟ ಚರ್ಮದ ಹಾಗೆ ಸುಕ್ಕುಗಟ್ಟುತ್ತದೆ. ಮೊದಲ ದಿನ ನೋಡಿ ಜೀವ ಬಾಯಿಗೆ ಬಂದಿತ್ತು. ಬೆರಳು ಚಾಚಿದ್ದೆ.

"ಮುಟ್ಟಬೇಡ," ಅಂದಿದ್ದರು ದೊಡ್ಡಪ್ಪ. "ಅದರ ಪಾಡಿಗೆ ಬಿಡು. ನಿಮ್ಮ ದೊಡ್ಡಮ್ಮನಿಗೆ ಸಿಟ್ಟು ಬಂದಾಗ ನಾನೇನು ಮಾಡ್ತೀನಿ? ಎದ್ದು ಆಚೆ ಹೋಗ್ತೀನಿ. ಅರ್ಧ ಗಂಟೆಗೆ ತಾನೇ ಸರಿಹೋಗತ್ತೆ."

"ಕೇಳಿಸ್ತು," ಅಡುಗೆಮನೆಯಿಂದ ದೊಡ್ಡಮ್ಮ.

ಅರ್ಧ ಗಂಟೆಗೆ ನಿಜವಾಗಿಯೂ ಸರಿಹೋಯಿತು. ಬಣ್ಣ ಬರೆದ ಹಾಗೆ ಕೂತಿತ್ತು.

ಸೆಪ್ಟೆಂಬರ್ 3, ಬೆಳಿಗ್ಗೆ 7.30

ಬಸ್ಸಿಗೆ ಇನ್ನೂ ಟೈಮಿದೆ.

ಕೆಲಸದ ಕಾರ್ಡಿನ ಬಗ್ಗೆ ಬರೆದಿಲ್ಲ. ಅದೇ ನನಗೆ ಹೆಚ್ಚು ಭಯ. ದೊಡ್ಡಪ್ಪ ಮೂವತ್ತೊಂದು ವರ್ಷ ವಿಮಾನಗಳ ದುರಸ್ತಿ ಮಾಡಿದವರು, ನಿಜವಾದವುಗಳದ್ದು. ರಿಟೈರ್ ಆದರೂ ಅಭ್ಯಾಸ ಬಿಟ್ಟಿಲ್ಲ. ಅಂಗೈ ಉದ್ದದ ಈ ಪ್ಲಾಸ್ಟಿಕ್ ವಿಮಾನಕ್ಕೂ ಕಾರ್ಡು. ಒಂದೊಂದು ಡೆಕಾಲಿಗೆ ಒಂದೊಂದು ಸಾಲು. ಸಾಲಿಗೆ ನಾಲ್ಕು ಮನೆ — ವಾರ್ನಿಷ್, ನೀರು, ಜಾಗ, ತಪಾಸಣೆ. ಮೊದಲ ಮೂರಕ್ಕೆ ನನ್ನ ಸಹಿ. ನಾಲ್ಕನೆಯದು ಅವರದು.

"ಮಾಡಿದ ಮೇಲೆ ಸಹಿ, ಟ್ರೈನಿ. ಮಾಡೋ ಮೊದಲಲ್ಲ. ಮಾಡ್ತಾ ಇರುವಾಗಲೂ ಅಲ್ಲ."

ನನ್ನನ್ನು ಟ್ರೈನಿ ಅಂತಲೇ ಕರೆಯುವುದು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಒಂದು ಮನೆಯಲ್ಲಿ ಇರುವುದೇ ಒಂಥರಾ ಟ್ರೈನಿಂಗು. ಬೆಲ್ ಇಲ್ಲ, ಲಾಕರ್ ಇಲ್ಲ. ಕಾಲೇಜಿನ ಹಾಸ್ಟೆಲ್ ಸೀಟು ಮುಂದಿನ ಸೆಮಿಸ್ಟರಿಗಂತೆ. ಅಲ್ಲಿವರೆಗೆ ಇವರ ಮನೆ. ಯಾವ ಗ್ಲಾಸು ಯಾರದು ಅಂತ ಕೇಳುವುದಕ್ಕೂ ಹೆದರಿಕೆ.

ಅವರ ಎಡಗಣ್ಣು ಹೋದ ವರ್ಷವೇ ಹೋಯಿತು. ಬಲಗಣ್ಣಿಗೆ ಇದೇ ಇಪ್ಪತ್ತಕ್ಕೆ ಆಪರೇಷನ್. ಡಾಕ್ಟರು ಫಿಫ್ಟಿ-ಫಿಫ್ಟಿ ಅಂದಿದ್ದಾರೆ. ಅಷ್ಟರೊಳಗೆ ಮುಗಿಸಬೇಕು. ಮುಗಿದದ್ದನ್ನು ಒಂದು ಸಲ ನೋಡಬೇಕು. ಅವರು ಕೇಳಿದ್ದು ಇಷ್ಟೇ. "ನಿನಗೆ ಕೈ ನಡುಗಲ್ಲ ತಾನೇ?" ಅಂತ ಕೇಳಿದರು. ಇಲ್ಲ ಅಂದೆ. ನಡುಗುತ್ತದೆ.

ಸೆಪ್ಟೆಂಬರ್ 5, ಸಂಜೆ 4.45

ಎಡಗಡೆಯ ನಂಬರು ಆಯಿತು. ಸಾಲು 40. ಮೂಗಿನ ಹತ್ತಿರ, ಕಪ್ಪು ಅಕ್ಷರ, 417. ಇದೇ ದೊಡ್ಡದು, ಇದೇ ಎದ್ದು ಕಾಣುವುದು. ಉಸಿರು ಬಿಗಿಹಿಡಿದು ಜಾರಿಸಿದೆ. ಹತ್ತಿಯ ಕಡ್ಡಿಯಿಂದ ನೀರು ಒತ್ತಿದೆ. ಸುಕ್ಕಾಯಿತು. ಎದ್ದು ಬಾಲ್ಕನಿಗೆ ಹೋದೆ. ವಾಪಸ್ ಬಂದಾಗ ನೀಟಾಗಿ ಕೂತಿತ್ತು.

ದೊಡ್ಡಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಲೆನ್ಸನ್ನು ಕಣ್ಣಿಗೇ ಒತ್ತಿಕೊಂಡು ಒಂದೊಂದೇ ಅಂಕಿ ಓದಿದರು. ನಾಲ್ಕು. ಒಂದು. ತುಂಬ ಹೊತ್ತಾದ ಮೇಲೆ — ಏಳು. ಸಹಿ ಹಾಕಿದರು.

"ಈ ಮನೇಲಿ ವಿಮಾನಕ್ಕೆ ಇರೋ ಮರ್ಯಾದೆ ನನಗಿಲ್ಲ," ಅಂದರು ದೊಡ್ಡಮ್ಮ ಟೀ ಇಡುತ್ತಾ. "ಮೂವತ್ತಾರು ವರ್ಷದಲ್ಲಿ ನನ್ನ ಮೇಲೆ ಒಂದು ಕೋಟ್ ವಾರ್ನಿಷ್ ಬಿದ್ದಿಲ್ಲ."

"ನಿನಗ್ಯಾಕೆ? ನೀನು ಒಡೆಯೋ ಪೈಕಿನಾ?"

ನಾನೂ ನಕ್ಕೆ. ಈ ಮನೆಯಲ್ಲಿ ಜೋರಾಗಿ ನಕ್ಕಿದ್ದು ಮೊದಲ ಸಲ ಇರಬೇಕು.

ಸೆಪ್ಟೆಂಬರ್ 9, ಮಧ್ಯಾಹ್ನ 1.20, ಕಾಲೇಜು ಲೈಬ್ರರಿ

ನಾಳೆ ಮ್ಯಾಥ್ಸ್ ಇಂಟರ್ನಲ್. ನಿನ್ನೆ ವಾರ್ನಿಷ್ ಹಚ್ಚಬೇಕಿತ್ತು, ಬಲಗಡೆಯ ನಂಬರಿಗೆ. ಓದುತ್ತಾ ಕೂತು ಮರೆತೆ. ಬೆಳಿಗ್ಗೆ ಕಾರ್ಡು ಮೇಜಿನ ಮೇಲೇ ಇತ್ತು. ಸಾಲು 41, ವಾರ್ನಿಷ್ ಮನೆ ಖಾಲಿ. ದೊಡ್ಡಪ್ಪ ಹಲ್ಲುಜ್ಜುತ್ತಿದ್ದರು. ಖಾಲಿ ಕಂಡರೆ ಕೇಳುತ್ತಾರೆ ಅಂತ ಸಹಿ ಹಾಕಿಬಿಟ್ಟೆ.

ಸಂಜೆ ಹೋದ ತಕ್ಷಣ ಹಚ್ಚುತ್ತೇನೆ. ಒಂದು ಸಹಿ ತಾನೇ. ಸ್ವಲ್ಪ ಮುಂಚೆ, ಅಷ್ಟೇ.

ಸೆಪ್ಟೆಂಬರ್ 10, ಸಂಜೆ 5.55

ಒಡೆಯಿತು.

ನಿನ್ನೆ ಸಂಜೆಯೂ ಹಚ್ಚಲಿಲ್ಲ. ಇವತ್ತು ಟೆಸ್ಟು ಕೆಟ್ಟದಾಗಿ ಆಯಿತು, ತಲೆ ಕೆಟ್ಟಿತ್ತು. ದೊಡ್ಡಪ್ಪ "ಇವತ್ತು ಬಲಗಡೇದು ಅಲ್ವಾ?" ಅಂದರು. ಹೂಂ ಅಂದೆ. ಇನ್ನೂ ಒಂದು ದಿನ ಬೇಕು ಅಂದರೆ ಸಹಿ ಸುಳ್ಳು ಅಂತ ಗೊತ್ತಾಗುತ್ತದೆ. ಎಡಗಡೇದು ಚೆನ್ನಾಗಿ ಬಂತಲ್ಲ, ಇದೂ ಬರಬಹುದು ಅನ್ನಿಸಿತು. ಅದಕ್ಕೆ ವಾರ್ನಿಷ್ ಹಚ್ಚಿದ್ದೆ ಅನ್ನುವುದು ಆಗ ನೆನಪಿಗೇ ಬರಲಿಲ್ಲ... ಸುಳ್ಳು. ನೆನಪಿತ್ತು.

ಹನ್ನೊಂದು ಎಣಿಸುವಷ್ಟರಲ್ಲಿ ನೀರಿನಲ್ಲಿ ಬಿರುಕು. ಹದಿನೈದಕ್ಕೆ ಇಪ್ಪತ್ತು ಚೂರು. ಏಳರ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ ತೇಲುತ್ತಿತ್ತು. ಚಿಮಟದಿಂದ ಮುಟ್ಟಿದರೆ ಇನ್ನೂ ಪುಡಿ. ದೊಡ್ಡಪ್ಪ ಮೂರು ಅಡಿ ದೂರದಲ್ಲಿ ರೇಡಿಯೋ ಕೇಳುತ್ತಾ ಕೂತಿದ್ದರು. ಅವರಿಗೆ ಕಾಣಿಸಲಿಲ್ಲ.

ಬಟ್ಟಲನ್ನು ಸಿಂಕಿಗೆ ಸುರಿದೆ. ನಲ್ಲಿ ಜೋರಾಗಿ ಬಿಟ್ಟೆ. ಹಾಸ್ಟೆಲಿನಲ್ಲಿ ಮೊದಲು ಕಲಿಯುವುದು ಇದನ್ನೇ. ಏನೇ ಒಡೆದರೂ ಮೊದಲು ಚೂರು ಕಾಣದ ಹಾಗೆ ಮಾಡು. ಕಾರಣ ಆಮೇಲೆ ಯೋಚಿಸು.

"ಆಯ್ತಾ?"

"ಸುಕ್ಕಾಗಿದೆ ದೊಡ್ಡಪ್ಪ. ಮುಟ್ಟಬಾರದಲ್ಲ."

"ಶಭಾಷ್. ಚೆನ್ನಾಗಿ ಒಣಗಲಿ, ನಾಡಿದ್ದು ನೋಡ್ತೀನಿ."

ಆ ಶಭಾಷ್ ಕೆನ್ನೆಗೆ ಹೊಡೆದ ಹಾಗಾಯಿತು.

ಸೆಪ್ಟೆಂಬರ್ 11, ಬೆಳಿಗ್ಗೆ 6.15

ಹಾಳೆಯಲ್ಲಿ ಇನ್ನೊಂದು 417 ಇಲ್ಲ. ಬೇರೆ ಏಳೂ ಇಲ್ಲ, ಭೂತಗನ್ನಡಿ ಹಿಡಿದು ನೋಡಿದೆ. ಹಾಳೆ ದೊಡ್ಡಪ್ಪನ ಸ್ನೇಹಿತರೊಬ್ಬರು ಇವರಿಗಾಗಿಯೇ ಪ್ರಿಂಟ್ ಮಾಡಿಕೊಟ್ಟದ್ದು. ಅವರು ತೀರಿಕೊಂಡು ನಾಲ್ಕು ವರ್ಷ.

ಆದರೆ 412 ಇದೆ. ಎಡಕ್ಕೊಂದು ಬಲಕ್ಕೊಂದು. ಜೋಡಿ ವಿಮಾನದ್ದು ಅಂತ ಒಂದು ಸಲ ಅಂದಿದ್ದರು. ಅದೇ ಅಕ್ಷರ, ಅದೇ ಅಳತೆ. ಶೆಲ್ಫಿನಲ್ಲಿ ಇದನ್ನು ಇಡುವುದು ಎಡಗಡೆ ಮುಂದಾಗಿ. ಬಲಗಡೆ ಗೋಡೆಗೆ. ಯಾರು ನೋಡುತ್ತಾರೆ?

ಸೆಪ್ಟೆಂಬರ್ 12, ಸಂಜೆ 6.05

ಅಂಟಿಸಿದೆ. ಈ ಸಲ ವಾರ್ನಿಷ್ ಒಂದು ದಿನವಲ್ಲ, ಒಂದೂವರೆ ದಿನ. ಅಷ್ಟು ಚೆಂದವಾಗಿ ಯಾವುದೂ ಕೂತಿರಲಿಲ್ಲ. 412. ನೀರು ಮತ್ತು ಜಾಗದ ಮನೆಗಳಲ್ಲಿ ಸಹಿ ಹಾಕಿದೆ.

ದೊಡ್ಡಪ್ಪ ಕೈಯಲ್ಲಿ ಹಿಡಿದರು. ಮೋಡ ಇತ್ತು. ಲೆನ್ಸ್ ತಂದರು, ಇಟ್ಟರು. "ಬೆಳಕು ಸಾಲದು. ನೀನು ನೋಡಿದೀಯಲ್ಲ?"

"ನೋಡಿದೀನಿ."

ಪೆನ್ನು ಮನೆಯ ಮೇಲೆ ಹಿಡಿದು ನಿಂತೇ ಇದ್ದರು. ಕೊನೆಗೆ ಹಾಕಿದರು. ಸಹಿ ಗೆರೆಯಿಂದ ಕೆಳಗಿಳಿದು ಸಾಲು 42ಕ್ಕೆ ಹೋಯಿತು. ಅವರಿಗೆ ಗೆರೆಯೂ ಕಾಣುತ್ತಿಲ್ಲ.

"ಪರವಾಗಿಲ್ಲ. ಹತ್ತೊಂಬತ್ತಕ್ಕೆ ಫೈನಲ್ ಇನ್ಸ್ಪೆಕ್ಷನ್. ಬೆಳಿಗ್ಗೆ ಬಾಲ್ಕನೀಲಿ, ಪೂರ್ತಿ ಬಿಸಿಲಲ್ಲಿ. ಆಗ ಎರಡೂ ಕಡೆ ನೋಡ್ತೀನಿ."

ಎರಡೂ ಕಡೆ.

ಸೆಪ್ಟೆಂಬರ್ 15, ಸಂಜೆ 4.30

ಎರಡು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ.

ಇವತ್ತು ದೊಡ್ಡಪ್ಪ ಬ್ಲಡ್ ಟೆಸ್ಟಿಗೆ ಹೋಗಿದ್ದರು. ದೊಡ್ಡಮ್ಮ ಆಸ್ಪತ್ರೆಯ ಫೈಲು ಜೋಡಿಸುತ್ತಿದ್ದರು. ಸುಮ್ಮನೆ ಇರಬಹುದಿತ್ತು. ಕೇಳಿದೆ.

"ದೊಡ್ಡಮ್ಮ, 417 ಯಾಕೆ? ಬೇರೆ ನಂಬರ್ ಯಾಕಲ್ಲ?"

"ಹೇಳಿಲ್ವಾ ನಿನಗೆ?" ಎಕ್ಸ್-ರೇ ಕವರಿನ ಮೇಲೆ ಕೈ ಸವರಿದರು. "ಇವರ ಸರ್ವಿಸಲ್ಲಿ ಒಂದು ದಿನ ಎರಡು ವಿಮಾನ ಮೇಲೆ ಹೋದವು. ಜೋಡಿ. 412 ವಾಪಸ್ ಬಂತು. 417 ಬರ್ಲಿಲ್ಲ. ಒಬ್ಬನೇ ಇದ್ದ ಅದರಲ್ಲಿ. ಮದುವೆ ಗೊತ್ತಾಗಿತ್ತು ಆ ಹುಡುಗನಿಗೆ."

"ದೊಡ್ಡಪ್ಪ...?"

"ಎರಡಕ್ಕೂ ಹಾರಬಹುದು ಅಂತ ಸಹಿ ಹಾಕಿದ್ದು ಇವರೇ. ಎನ್ಕ್ವೈರಿ ಆಯ್ತು. ಎಂಜಿನ್ ತೊಂದರೆ, ಇವರದ್ದೇನೂ ತಪ್ಪಿಲ್ಲ ಅಂತ ಬಂತು. ಕಾಗದ ತಂದು ತೋರಿಸಿದ್ರು. ಆವತ್ತೂ ಊಟ ಮಾಡ್ಲಿಲ್ಲ."

ವಿಮಾನ ಶೆಲ್ಫಿನ ಮೇಲೆ ಕೂತಿತ್ತು. ಈ ಕಡೆಯಿಂದ ನೋಡಿದರೆ ಬಾರದೇ ಹೋದದ್ದು. ಆ ಕಡೆಯಿಂದ ನೋಡಿದರೆ ವಾಪಸ್ ಬಂದದ್ದು. ಅದರ ಕಾರ್ಡಿಗೆ ಅವರ ಸಹಿ. ಮತ್ತೆ ಅವರ ಸಹಿ. ಹಾಕಿಸಿದ್ದು ನಾನು.

ಸೆಪ್ಟೆಂಬರ್ 17, ಸಂಜೆ 5.40

ಹೇಳಲು ಹೋದೆ. ಮೂರು ಸಲ. ಮೊದಲ ಸಲ ಶೇವ್ ಮಾಡಿಕೊಳ್ಳುತ್ತಿದ್ದರು, ಕನ್ನಡಿಗೆ ಮೂಗು ತಾಗಿಸಿ. ಎರಡನೇ ಸಲ ಅಮ್ಮನ ಫೋನ್ — "ದೊಡ್ಡಪ್ಪನಿಗೆ ಏನೂ ಟೆನ್ಷನ್ ಕೊಡಬೇಡ, ಬಿಪಿ ಏರಿದ್ರೆ ಆಪರೇಷನ್ನೇ ಮುಂದಕ್ಕೆ ಹಾಕ್ತಾರೆ." ಬಿಪಿ. ಒಳ್ಳೇ ನೆಪ ಸಿಕ್ಕಿತು. ಮೂರನೇ ಸಲ ಬಾಗಿಲವರೆಗೆ ಹೋಗಿ, "ನೀರು ಬೇಕಾ ದೊಡ್ಡಪ್ಪ?" ಅಂದೆ.

"ಈಗ ತಾನೇ ಕೊಟ್ಟೆಯಲ್ಲ. ನನ್ನನ್ನೇನು ಗಿಡ ಅಂದ್ಕೊಂಡಿದೀಯಾ?"

ಅರವತ್ತನಾಲ್ಕೂ ಮುಗಿದವು. ಹೊಳಪು ತೆಗೆಯುವ ಕೊನೆಯ ಮ್ಯಾಟ್ ಕೋಟ್ ಇನ್ಸ್ಪೆಕ್ಷನ್ ಆದ ಮೇಲೆ.

ಸೆಪ್ಟೆಂಬರ್ 19, ಬೆಳಿಗ್ಗೆ 6.40

ಇವತ್ತು. ಲೆನ್ಸ್ ಬಾಲ್ಕನಿಯ ಮೇಜಿನ ಮೇಲೆ ಆಗಲೇ ಇಟ್ಟಿದ್ದಾರೆ. ಒರೆಸಿ.

ಅವರೇ ಕಂಡುಹಿಡಿಯಲಿ. ಬೈಯಲಿ. ನಾನು ಬಾಯಿ ಬಿಡಬೇಕಾಗಿಲ್ಲ. ಸ್ಕೂಲಿನಲ್ಲಿ ವಾರ್ಡನ್ ಮುಂದೆ ನಿಂತ ಹಾಗೆ ನೆಲ ನೋಡುತ್ತಾ ನಿಂತರಾಯಿತು.

ಅದೇ ದಿನ, 11.30

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಬಿಸಿಲು ಚೆನ್ನಾಗಿತ್ತು. ದೊಡ್ಡಪ್ಪ ಎಡಗಡೆ ಹಿಡಿದರು. ಲೆನ್ಸ್ ಹತ್ತಿರ ತಂದರು, ದೂರ ಹಿಡಿದರು. ಬಲಗಡೆಗೆ ತಿರುಗಿಸಿದರು. ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡರು. ಮತ್ತೆ ಹತ್ತಿರ, ಮತ್ತೆ ದೂರ. ನಾನು ನೆಲ ನೋಡುತ್ತಾ ಕಾಯುತ್ತಿದ್ದೆ. ಬೈಗುಳ ಬರಲಿಲ್ಲ. ತಲೆ ಎತ್ತಿದರೆ ಅವರ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಬಿಸಿಲಿಗೆ. ಲೆನ್ಸನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ಕಪ್ಪಗೆ ಏನೋ ಇದೆ ಅಂತ ಗೊತ್ತಾಗತ್ತೆ. ಅಂಕಿ ಕಾಣಲ್ಲ." ಹವಾಮಾನ ಹೇಳಿದ ಹಾಗೆ ಹೇಳಿದರು. "ಟ್ರೈನಿ, ಬಲಗಡೆ ಏನಿದೆ ಓದು."

ಓದು ಅಂದರು.

ಅವರಿಗೆ ಕಾಣುವುದಿಲ್ಲ. ನಾನು ಏನು ಓದಿದರೂ ಅದೇ. ಏಳು ಅಂದರೆ ಏಳು. ಮುಗಿಯಿತು. ಇಷ್ಟು ದಿನ ಅವರು ನೋಡಿಬಿಟ್ಟರೆ ಅಂತ ಹೆದರಿದ್ದೆ. ಅವರಿಗೆ ಕಾಣುವುದೇ ಇಲ್ಲ ಅಂತ ಗೊತ್ತಾದಾಗ ಆದ ಭಯಕ್ಕೆ ಅದು ಯಾವ ಲೆಕ್ಕವೂ ಅಲ್ಲ.

"ನಾಲ್ಕು," ಅಂದೆ. "ಒಂದು."

ದೊಡ್ಡಪ್ಪ ಕಾಯುತ್ತಿದ್ದರು, ಮುಖ ನನ್ನ ಕಡೆ, ಕಣ್ಣು ನನ್ನ ಭುಜದಾಚೆ ಎಲ್ಲೋ.

"ಎರಡು."

"ಎರಡಾ?"

"ಹೂಂ."

"ಏಳು ಏನಾಯ್ತು?"

"ನೀರಲ್ಲಿ ಒಡೀತು."

"ವಾರ್ನಿಷ್?"

"ಹಚ್ಚಿರಲಿಲ್ಲ."

"ಕಾರ್ಡಲ್ಲಿ ಸಹಿ ಇದೆ."

"ಮೊದಲೇ ಹಾಕಿದ್ದೆ."

"ಮೊದಲೇ ಹಾಕಿದ್ದೆ," ಅಂತ ಅವರೂ ಅಂದರು, ನಿಧಾನವಾಗಿ. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು. ಆಗುತ್ತಲೇ ಇರಲಿಲ್ಲ. ಅದು ಸ್ಟಾರ್ಟ್ ಆಗಿ ಹೋದ ಮೇಲೆ ಮಾತಾಡಿದರು.

"ನಿಜವಾದ ವಿಮಾನದ ಬಾಲದ ಒಳಗೆ ಒಂದು ಪಿನ್ ಇರತ್ತೆ. ನಿನ್ನ ಕಿರುಬೆರಳಿನಷ್ಟು. ಬಗ್ಗಿ, ಟಾರ್ಚ್ ಹಿಡಿದು ನೋಡಬೇಕು. 417 ಹೋದ ದಿನ ಲೇಟಾಗಿತ್ತು. ಜೊತೆಯವನು ನಾನು ನೋಡಿದೀನಿ ಅಂದ. ನಾನು ಬಗ್ಗಲಿಲ್ಲ. ಸಹಿ ಹಾಕಿದೆ."

ಮೇಜಿನ ಮೇಲಿದ್ದ ವಿಮಾನದ ಬಾಲ ನೋಡಿದೆ.

"ಎನ್ಕ್ವೈರೀಲಿ ಕೇಳಿದ್ರು, ಪಿನ್ ನೋಡಿದ್ರಾ ಅಂತ. ನೋಡಿದೆ ಅಂದೆ. ಎಂಜಿನ್ ಅಂತ ತೀರ್ಮಾನ ಆಯ್ತು. ಎಂಜಿನ್ನೇ ಇರಬಹುದು. ಬಗ್ಗಿ ನೋಡಿದ್ರೆ ನನಗಾದ್ರೂ ಗೊತ್ತಿರ್ತಿತ್ತು."

"ದೊಡ್ಡಮ್ಮನಿಗೆ..."

"ಇಲ್ಲ. ಇವತ್ತು ಹೇಳ್ತೀನಿ. ನಿನಗಿರೋ ಧೈರ್ಯ ನನಗೂ ಸ್ವಲ್ಪ ಬರಲಿ."

ನನಗೆ ಧೈರ್ಯವಂತೆ. ಬಾಲ್ಕನಿಯ ಕಂಬಿ ಹಿಡಿದುಕೊಂಡಿದ್ದೆ.

ಕಾರ್ಡು ತರಿಸಿದರು. ರಬ್ಬರ್ ತೆಗೆದುಕೊಂಡರೆ ಬೈದರು. ಇವತ್ತು ಬೈದದ್ದು ಅಷ್ಟಕ್ಕೇ. "ಅಳಿಸಬಾರದು. ಒಂದು ಗೆರೆ ಹೊಡಿ, ಕೆಳಗಿದ್ದದ್ದು ಓದೋ ಹಾಗಿರಬೇಕು. ಪಕ್ಕದಲ್ಲಿ ಕಾರಣ ಬರಿ." ಬರೆದೆ: ವಾರ್ನಿಷ್ ಹಚ್ಚದೆ ಸಹಿ ಹಾಕಿದ್ದೇನೆ. ತಪ್ಪು ನಂಬರು ಅಂಟಿಸಿದ್ದೇನೆ. ಅವರ ಸಹಿಯ ಮೇಲೂ ಗೆರೆ ಹೊಡೆಸಿದರು. ಅದರ ಕಾರಣವನ್ನು ತಾವೇ ಬರೆದರು, ಅಕ್ಷರದ ಮೇಲೆ ಅಕ್ಷರ ಬಿದ್ದು: ನೋಡದೆ ಹಾಕಿದ್ದು.

ಅದೇ ದಿನ, ಸಂಜೆ 5.15

ಬಣ್ಣ ಒಣಗಲು ಬಿಟ್ಟಿದ್ದೇನೆ.

ನಾಲ್ಕು, ಒಂದು ಹಾಗೇ ಇರಲಿ ಅಂದರು, ಅವು ಎರಡೂ ನಂಬರಿನಲ್ಲಿ ಒಂದೇ ಥರ. 1ರ ಪಕ್ಕ ಬ್ಲೇಡಿನಿಂದ ಗೀರಿ, 2ರ ಮೇಲೆ ಟೇಪ್ ಒತ್ತಿ ಎಳೆದೆ. ಜೊತೆಗೆ ಸ್ವಲ್ಪ ಬೂದು ಬಣ್ಣವೂ ಬಂತು. ಅದನ್ನು ತಿದ್ದಿ, ಏಳನ್ನು ಕೈಯಿಂದ ಬರೆದೆ. ಮೂರು ಕೂದಲಿನ ಬ್ರಷ್ಷು.

"ನಿಜವಾದದ್ದಕ್ಕೂ ನಾವು ಬ್ರಷ್ಷಲ್ಲೇ ಬರೆದಿದ್ದು," ಅಂದರು.

ಊಟ ಆದ ಮೇಲೆ ಇಬ್ಬರೂ ರೂಮಿನ ಬಾಗಿಲು ಹಾಕಿಕೊಂಡಿದ್ದರು. ಎರಡು ಗಂಟೆ ಹೊತ್ತು. ಒಂದು ಮಾತೂ ಹೊರಗೆ ಕೇಳಲಿಲ್ಲ. ಅದೇ ಹೆದರಿಕೆ. ಬಾಗಿಲು ತೆರೆದಾಗ ದೊಡ್ಡಮ್ಮನ ಮೂಗು ಕೆಂಪಾಗಿತ್ತು. ನೇರ ಅಡುಗೆಮನೆಗೆ ಹೋಗಿ ಟೀಗೆ ಇಟ್ಟರು. ಮೂರು ಕಪ್ಪು ತೆಗೆದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಸಕ್ಕರೆ ಹಾಕಿದೀನಿ, ಆಮೇಲೆ ಹಾಕಿಲ್ಲ ಅನ್ನಬೇಡಿ. ಬೇಕಾದ್ರೆ ಸಹಿ ಮಾಡಿಕೊಡ್ತೀನಿ."

ದೊಡ್ಡಪ್ಪ ನಗಲಿಲ್ಲ. ಆದರೆ ಟೀ ಪೂರ್ತಿ ಕುಡಿದರು.

ಸೆಪ್ಟೆಂಬರ್ 20, ಬೆಳಿಗ್ಗೆ 8.10, ಆಸ್ಪತ್ರೆ

ದೊಡ್ಡಪ್ಪನನ್ನು ಒಳಗೆ ಕರೆದುಕೊಂಡು ಹೋದರು. ವಿಮಾನ ಶೂ ಡಬ್ಬಿಯಲ್ಲಿ, ನನ್ನ ತೊಡೆಯ ಮೇಲೆ. ತರಲೇಬೇಕು ಅಂದಿದ್ದರು. ನರ್ಸ್ ಕಣ್ಣಿಗೆ ಔಷಧ ಬಿಡುವ ಮೊದಲು ದೊಡ್ಡಪ್ಪ, "ಓದು" ಅಂದರು.

"ಎಡಗಡೆ ನಾಲ್ಕು ಒಂದು ಏಳು. ಬಲಗಡೆ ನಾಲ್ಕು ಒಂದು ಏಳು. ಬಲಗಡೆ ಏಳು ಸೊಟ್ಟ ಇದೆ."

"ಎಷ್ಟು?"

"ಸ್ವಲ್ಪ."

"ಸ್ವಲ್ಪ ಅನ್ನೋದು ಯಾವ ಊರಿನ ಅಳತೆ?"

"ಅರ್ಧ ಮಿಲಿಮೀಟರು. ಕಾಲು ಹಿಂದಕ್ಕೆ ಬಾಗಿದೆ."

ಕಾರ್ಡು, ಪೆನ್ನು ಮುಂದೆ ಹಿಡಿದೆ. ನನ್ನ ಮನೆಗಳಲ್ಲಿ ಹೊಸ ಸಹಿ ಆಗಿತ್ತು. ಅವರದು ಖಾಲಿ. ಪೆನ್ನು ಮುಟ್ಟಲಿಲ್ಲ.

"ಇದನ್ನ ನಾನು ನೋಡಿಲ್ಲ. ನೋಡಿದ ಮೇಲೆ."

ಸ್ಟ್ರೆಚರು ತಿರುವಿನವರೆಗೆ ಹೋಗುವುದನ್ನು ನೋಡಿದೆ. ಒಂದು ಚಕ್ರ ಕಿರುಗುಟ್ಟುತ್ತಿತ್ತು. ಅವರು ತಳ್ಳುವವನಿಗೆ ಏನೋ ಹೇಳುತ್ತಿದ್ದರು, ಬಹುಶಃ ಎಣ್ಣೆ ಬಿಡು ಅಂತ.

ಸೆಪ್ಟೆಂಬರ್ 21, ಬೆಳಿಗ್ಗೆ 9.25, ಆಸ್ಪತ್ರೆ

ಪಟ್ಟಿ ಬಿಚ್ಚುತ್ತಿದ್ದಾರೆ. ದೊಡ್ಡಮ್ಮ ಒಬ್ಬರನ್ನೇ ಒಳಗೆ ಬಿಟ್ಟರು. ಮೊದಲ ದಿನವೇ ಏನೂ ಹೇಳಲಾಗುವುದಿಲ್ಲ, ಬೆಳಕು ಗೊತ್ತಾದರೂ ಸಾಕು ಅಂದಿದ್ದಾರೆ ಡಾಕ್ಟರು. ಹದಿನೈದು ನಿಮಿಷ ಆಯಿತು. ಬಾಗಿಲ ಹಿಂದೆ ಸದ್ದಿಲ್ಲ. ಡಬ್ಬಿಯ ಮುಚ್ಚಳ ಎಷ್ಟು ಸಲ ತೆಗೆದು ಹಾಕಿದೆನೋ. ಏಳು ಇನ್ನೂ ಸೊಟ್ಟಗೇ ಇದೆ. ಅವರಿಗೆ ಕಾಣದಿದ್ದರೆ ಆ ಮನೆ ಖಾಲಿಯೇ ಉಳಿಯುತ್ತದೆ. ಕಾಣದಿದ್ದರೆ —

ನರ್ಸ್ ತಲೆ ಹೊರಗೆ ಹಾಕಿದರು. "ಟ್ರೈನಿ ಅಂದ್ರೆ ಯಾರು? ವಿಮಾನ ತಗೊಂಡು ಬರಬೇಕಂತೆ."

ಕಾಣ್ತಿದೆಯಾ ಅಂತ ಕೇಳಿದೆ. ನನಗೇನು ಗೊತ್ತಮ್ಮ, ಅಂದರು. ಪೆನ್ನೂ ಕೇಳ್ತಿದಾರೆ, ಬೇಗ ಬಾ.

ಪೆನ್ನು. ಕಣ್ಣು ಕಾಣುವುದಕ್ಕೇ ಕೇಳುತ್ತಿರಬೇಕು. ಕಾಣದೆಯೇ ಕೇಳುತ್ತಿದ್ದರೆ? ಹಾಗೆ ಹಾಕಲು ಹೊರಟರೆ ಕೊಡಬಾರದು. ಮೊದಲು ಓದಿ ಅನ್ನಬೇಕು. ನಾನೇ ಅನ್ನಬೇಕು. ಪೆನ್ನು ನನ್ನ ಹತ್ತಿರ ಇರುವುದು ಇದೊಂದೇ, ಬರೆಯುತ್ತಿರುವುದೂ ಇದರಲ್ಲೇ —